ಅರಿಶಿನದ ಎರಡು ಲೋಟ

ನೀರುಕಡ್ಡಿಯ ದಂಟನ್ನು ಮುರಿದಾಗ ಬರುವ ವಾಸನೆ ಎಂಥದ್ದೆಂದು ಜಯಲತಾಳಿಗೆ ಯಾರ ಮುಂದೆಯೂ ಸರಿಯಾಗಿ ಹೇಳಲು ಬಂದಿರಲಿಲ್ಲ. ಸಾಸಿವೆ ಜಜ್ಜಿದ ಹಾಗೆ ಎಂದರೆ ಅದಲ್ಲ, ಎಳೆ ಸೌತೆಕಾಯಿಯ ಹಾಗೆ ಎಂದರೆ ಅದೂ ಅಲ್ಲ. ಎರಡರ ನಡುವೆ ಎಲ್ಲೋ, ಸ್ವಲ್ಪ ಒದ್ದೆ ಮಣ್ಣೂ ಸೇರಿಕೊಂಡು. ಕಾಪುವಿನ ಹತ್ತಿರ ಅವಳು ಓದಿದ ಶಾಲೆಯ ದಾರಿಯಲ್ಲಿ, ಪಾಗಾರದ ಕಲ್ಲುಸಂದುಗಳಲ್ಲಿ ಅದು ಬೆಳೆಯುತ್ತಿತ್ತು. ಮಕ್ಕಳು ಒಂದೊಂದು ದಂಟು ಕಿತ್ತುಕೊಂಡು ಹೋಗಿ ಅದರಿಂದ ಸ್ಲೇಟು ಒರೆಸುತ್ತಿದ್ದರು. ಬರೆದದ್ದೆಲ್ಲ ಹೋಗಿ ಸ್ಲೇಟು ಕಪ್ಪಗೆ ಹೊಳೆಯುವಾಗ ಆ ವಾಸನೆ ಮೂಗಿಗೆ ಬರುತ್ತಿತ್ತು. ಇನ್ನೇನೋ ಹೊಸತನ್ನು ಬರೆಯಲಿಕ್ಕಿದೆ ಎನ್ನುವ ವಾಸನೆ ಅದು.

ಏಳನೆಯ ತರಗತಿ ಮುಗಿದ ಬೇಸಿಗೆಯಲ್ಲಿ, ಅಕ್ಕನ ಕೂಸನ್ನು ನೋಡಿಕೊಳ್ಳಲು ಜನ ಬೇಕೆಂದು ಅವಳನ್ನು ಡೊಂಬಿವಲಿಗೆ ಕಳುಹಿಸಿದರು. ಎರಡು ತಿಂಗಳಿಗೆಂದು ಬಂದವಳು ನಲವತ್ತೆರಡು ವರ್ಷ ಉಳಿದಳು. ಆ ಕೂಸಿಗೆ ಈಗ ತಲೆಗೂದಲು ನರೆತಿದೆ.

ಐವತ್ತೈದರ ವಯಸ್ಸಿನಲ್ಲಿ ಅವಳು ಮುಕ್ತ ಶಾಲೆಯ ಹತ್ತನೆಯ ತರಗತಿಗೆ ಸೇರಿಕೊಂಡಳು. ಕನ್ನಡ ಸಂಘದ ಹಿಂಬದಿಯ ಕೋಣೆಯಲ್ಲಿ ಮಂಗಳವಾರ, ಗುರುವಾರ, ಶನಿವಾರ ಮಧ್ಯಾಹ್ನ ಮೂರರಿಂದ ಐದರವರೆಗೆ ಪಾಠ. ಹದಿನೆಂಟು ವರ್ಷಗಳಿಂದ ಹತ್ತು ಮನೆಗಳಿಗೆ ಊಟದ ಡಬ್ಬಿ ಮಾಡಿಕೊಡುವ ಅವಳಿಗೆ ಆ ಹೊತ್ತು ಬಿಡುವು. ಅವಳ ಜೊತೆ ಒಂಬತ್ತು ಮಂದಿ ಹೆಂಗಸರು, ಇಬ್ಬರು ಗಂಡಸರು. ಗಂಡಸರಲ್ಲಿ ಒಬ್ಬರು ಹೋಟೆಲಿನ ಸಪ್ಲೈಯರ್. ಮೂಲವಸ್ತುಗಳ ಹೆಸರನ್ನು ಅವರು ಒಳಗಿನ ಭಟ್ಟರಿಗೆ ಆರ್ಡರ್ ಕೂಗುವ ರಾಗದಲ್ಲೇ ಒಪ್ಪಿಸುತ್ತಿದ್ದರು: "ಹೈಡ್ರೋಜನ್ ಒಂದೂ, ಹೀಲಿಯಂ ಎರಡೂ, ಲೀಥಿಯಂ ಮೂರೂ..." ಹಿಂದಿನ ಬೆಂಚಿನಿಂದ ಯಾರೋ, "ಪಾರ್ಸೆಲ್ಲಾ, ಇಲ್ಲೇ ತಿನ್ಲಿಕ್ಕಾ?" ಎನ್ನುತ್ತಿದ್ದರು.

ವಿಜ್ಞಾನ ಕಲಿಸುತ್ತಿದ್ದವಳು ಸೋನಾಲಿ. ಇಪ್ಪತ್ತಾರು ವರ್ಷ, ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ. ಬೆಳಿಗ್ಗೆ ಒಂದು ಕಾಲೇಜಿನ ಪ್ರಯೋಗಾಲಯದಲ್ಲಿ ಕೆಲಸ, ಮಧ್ಯಾಹ್ನ ಸಂಬಳವಿಲ್ಲದ ಈ ಪಾಠ. ಮನೆಯ ಕನ್ನಡ ಅವಳಿಗೆ ನಡುನಡುವೆ ಕೈಕೊಡುತ್ತಿತ್ತು, ಆಗ ಹಿಂದಿಗೆ ಹಾರುತ್ತಿದ್ದಳು. ಹೆಂಗಸರು ಕನ್ನಡದ ಮಾತು ಹುಡುಕಿಕೊಡುತ್ತಿದ್ದರು. ಯಾರು ತಪ್ಪು ಹೇಳಿದರೂ ಅವಳು "ತಪ್ಪು" ಎಂದದ್ದಿಲ್ಲ. "ಫಿರ್ ಸೆ ನೋಡೋಣ ಆಂಟಿ", ಇನ್ನೊಮ್ಮೆ ನೋಡೋಣ, ಎನ್ನುವುದು ಅವಳ ಕ್ರಮ. ಜಯಲತಾಳಿಗೆ ಓದಿಗಿಂತ ಮೊದಲು ಇಷ್ಟವಾದದ್ದು ಆ ಮಾತು.

ಆಮ್ಲ, ಪ್ರತ್ಯಾಮ್ಲಗಳ ಪಾಠದ ದಿನ ಸೋನಾಲಿ ಒಂದು ಲೋಟದಲ್ಲಿ ಅರಿಶಿನದ ನೀರು ಮಾಡಿ, ಅದಕ್ಕೆ ಸಾಬೂನಿನ ನೀರು ಬೆರೆಸಿದಳು. ಹಳದಿ ಹೋಗಿ ಕೆಂಪಾಯಿತು. ಮೇಲಿನಿಂದ ಅರ್ಧ ನಿಂಬೆ ಹಿಂಡಿದಳು. ಕೆಂಪು ಹೋಗಿ ಪುನಃ ಹಳದಿ.

"ಅಯ್ಯೋ, ಇದು ನಮ್ಮ ಕುರ್ದಿ ನೀರು!" ಎಂದು ಜಯಲತಾ ಎದ್ದೇ ನಿಂತಳು. ಮಗುವಿಗೆ ದೃಷ್ಟಿಯಾದರೆ ಅವಳ ಅಜ್ಜಿ ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಹಾಕಿ ಕೆಂಪು ಮಾಡಿ ನಿವಾಳಿಸುತ್ತಿದ್ದರು. ಆ ಕೆಂಪು ಎಲ್ಲಿಂದ ಬರುತ್ತದೆಂದು ಕೇಳಿದ್ದಕ್ಕೆ ಎಂಟು ವರ್ಷದ ಜಯಲತಾಳಿಗೆ ತಲೆಯ ಮೇಲೆ ಒಂದು ಮೊಟಕು ಸಿಕ್ಕಿತ್ತು. ಉತ್ತರ ಸಿಕ್ಕಿದ್ದು ಈಗ.

ಸಂಜೆ ಮನೆಯಲ್ಲಿ ಗಂಡನ ಎದುರು ಎಲ್ಲವನ್ನೂ ಮಾಡಿ ತೋರಿಸಿದಳು. ಗಂಡ ವಾಸು, ಇಡೀ ಕಟ್ಟಡಕ್ಕೆ ವಾಸಣ್ಣ, ಠಾಣೆಯ ಒಂದು ಹೋಟೆಲಿನ ಅಡುಗೆಮನೆಯಲ್ಲಿ ಮೂವತ್ತು ವರ್ಷ ಬೆಂದವರು. ನಿವೃತ್ತರಾದ ದಿನ, "ಇನ್ನು ನಾನು ಸೌಟು ಮುಟ್ಟಿದ್ರೆ ಕೇಳು" ಎಂದು ಘೋಷಿಸಿ, ಎರಡು ವರ್ಷದಿಂದ ಮಾತಿಗೆ ತಪ್ಪದೆ ನಡೆದಿದ್ದರು. ದಿನವಿಡೀ ವೀಳ್ಯ, ಬಲಗೈಯ ತೋರುಬೆರಳಿನ ತುದಿಯಲ್ಲಿ ಸದಾ ಸುಣ್ಣದ ಬಿಳಿ.

"ನೋಡಿ, ನಿಂಬೆ ಹಿಂಡಿದ್ರೆ ಕೆಂಪೆಲ್ಲ ಮಾಯ!"

"ಮೂವತ್ತು ವರ್ಷ ಚಿತ್ರಾನ್ನ ಕಲಸಿದ್ದೇನೆ ಮಾರಾಯ್ತಿ. ನಿಂಬೆ, ಅರಿಶಿನ ಎರಡೂ ನನಗೆ ಹೇಳಿಕೊಡ್ಬೇಡ" ಎಂದರು ವಾಸಣ್ಣ ಟಿವಿಯ ಮೇಲೆ ಕಣ್ಣಿಟ್ಟು. ಆದರೆ ಟಿವಿಯ ಸದ್ದು ಸಣ್ಣಗೆ ಮಾಡಿದ್ದನ್ನು ಅವಳು ಗಮನಿಸಿದ್ದಳು.

ಇದಾಗಿ ಹದಿನೈದು ದಿನಕ್ಕೆ ನಲ್ಲಿಯ ಸಂಗತಿ ನಡೆಯಿತು.

ಆ ವಾರವಿಡೀ ಕೈಗಾರಿಕಾ ವಲಯದ ಕಡೆಯಿಂದ ಗಾಳಿಯಲ್ಲಿ ಕೊಳೆತ ಎಲೆಕೋಸಿನಂಥ ವಾಸನೆ. ಕಿಟಕಿ ಹಾಕಿಕೊಂಡೇ ಇರಬೇಕು. ಎಲ್ಲರ ಮನಸ್ಸೂ ಕಹಿಯಾಗಿತ್ತು. ಒಂದು ಬೆಳಿಗ್ಗೆ ಪಲ್ಯಕ್ಕೆ ಅರಿಶಿನ ಹಾಕಿದ ಕೈಯನ್ನು ಜಯಲತಾ ನಲ್ಲಿಯ ಕೆಳಗೆ ಹಿಡಿದಳು. ಸಾಬೂನು ಮುಟ್ಟಿರಲಿಲ್ಲ. ಆದರೂ ಬೆರಳು ಕೆಂಪಾಯಿತು.

ಅವಳು ಹೊರಗೆ ಓಡಿದಳು. ಮೂರನೆಯ ಮಾಳಿಗೆಯ ಚಂದ್ರಬಾಯಿ, ವಿಜಯಪುರದ ಕಡೆಯ ಎಪ್ಪತ್ತು ದಾಟಿದ ಮುದುಕಿ, ಮೆಟ್ಟಿಲಲ್ಲೇ ಸಿಕ್ಕರು.

"ಚಂದ್ರಬಾಯಿ, ನೀರಲ್ಲಿ ಎಂತದೋ ಉಂಟು. ಆ ಫ್ಯಾಕ್ಟರಿದ್ದೇ ಇರ್ಬೇಕು."

"ಹೌದ ನೋಡವಾ! ನಾಕ್ ದಿನದಿಂದ ನನ್ನ ಚಹಾ ಕಷಾಯದಂಗ ಕರ್ರಗ ಆಗಾಕತ್ತೈತಿ. ಕೈ ಬ್ಯಾರೆ ತುರಸ್ತೈತಿ."

ಸಂಜೆಯೊಳಗೆ ಮಾತು ಎರಡೂ ವಿಂಗುಗಳಿಗೆ ಹಬ್ಬಿತ್ತು. ಮಂದಿ ಕುಡಿಯಲು ನೀರಿನ ಕ್ಯಾನು ತರಿಸತೊಡಗಿದರು. ಸೊಸೈಟಿಯ ಅಧ್ಯಕ್ಷ ಭುಜಂಗರಾಯರು ಭಾನುವಾರ ಹನ್ನೊಂದಕ್ಕೆ ಮೀಟಿಂಗ್ ಕರೆದು, ಮೀಟಿಂಗಿನಿಂದ ನೇರ ಕಾರ್ಖಾನೆಯ ಗೇಟಿಗೆ ಹೋಗುವುದೆಂದು ಬ್ಯಾನರನ್ನೂ ಬರೆಸಲು ಕೊಟ್ಟರು. ಆ ಕಾರ್ಖಾನೆಯಲ್ಲಿ ಕೆಲಸ ಮಾಡುವವನೊಬ್ಬ ಬಿ ವಿಂಗಿನಲ್ಲೇ ಇದ್ದ, ಸುದರ್ಶನ. ಹಿಂದಿನ ವಾರ ಜಯಲತಾಳ ಮನೆಯಿದ್ದ ಎ ವಿಂಗಿನ ಟಾಂಕಿ ದುರಸ್ತಿಯಾಗಿ ನೀರಿಲ್ಲದ ದಿನಗಳಲ್ಲಿ, ಡ್ಯೂಟಿ ಮುಗಿಸಿ ಬಂದು ಎಷ್ಟೋ ಮನೆಗೆ ಬಕೆಟ್ ಹೊತ್ತು ಕೊಟ್ಟವನು ಅವನು. ಜಯಲತಾಳಿಗೆ ತನ್ನ ದೊಡ್ಡ ಮಗಳ ಹಳೆಯ ವಿಜ್ಞಾನದ ಗೈಡನ್ನು ರಟ್ಟು ಹಾಕಿಸಿ ತಂದುಕೊಟ್ಟವನೂ ಅವನೇ. ಈಗ ಜನ ಅವನನ್ನು ಕಂಡರೆ ಮುಖ ತಿರುಗಿಸಿದರು. ಅವನ ಚಿಕ್ಕ ಮಗಳನ್ನು ಆಟಕ್ಕೆ ಕರೆಯುವುದು ನಿಂತಿತು.

ಶನಿವಾರ ಜಯಲತಾ ಬಾಟಲಿಯಲ್ಲಿ ನಲ್ಲಿಯ ನೀರು, ಪೊಟ್ಟಣದಲ್ಲಿ ಅರಿಶಿನ ಹಿಡಿದುಕೊಂಡು ತರಗತಿಗೆ ಹೋದಳು. ಒಂದು ಲೋಟಕ್ಕೆ ಆ ನೀರು, ಇನ್ನೊಂದಕ್ಕೆ ಸೋನಾಲಿಯ ಬಾಟಲಿಯ ನೀರು. ಎರಡಕ್ಕೂ ಒಂದೊಂದು ಚಿಟಿಕೆ ಅರಿಶಿನ.

ಎರಡೂ ಕೆಂಪಾದವು.

"ನನ್ನ ನೀರೂ ಲಾಲ್?" ಸೋನಾಲಿ ಹುಬ್ಬೇರಿಸಿ ಜಯಲತಾಳ ಕೈ ಹಿಡಿದು ತಿರುಗಿಸಿ ನೋಡಿದಳು. ಬೆರಳಿನ ಸಂದಿಯಲ್ಲಿ ಬಿಳಿ. ಹೊರಡುವ ಗಡಿಬಿಡಿಯಲ್ಲಿ ಗಂಡನಿಗೆ ವೀಳ್ಯಕ್ಕೆ ಸುಣ್ಣ ಹಚ್ಚಿ ಮಡಚಿಕೊಟ್ಟು ಬಂದಿದ್ದಳು.

"ಆಂಟಿ, ಚೂನಾ."

ತರಗತಿಯೆಲ್ಲ ಗೊಳ್ಳೆಂದು ನಕ್ಕಿತು. ಜಯಲತಾ ನಗಲಿಲ್ಲ. ಅವಳಿಗೆ ಕಂಡದ್ದು ಸುದರ್ಶನನ ಚಿಕ್ಕ ಮಗಳು ಒಬ್ಬಳೇ ಪಾರ್ಕಿಂಗಿನಲ್ಲಿ ನಿಂತಿದ್ದ ಚಿತ್ರ. "ಹಾಗಾದ್ರೆ ಆ ದಿನವೂ ಇದೇ ಇರ್ಬೇಕು. ನಾನು ಸುಮ್ಮನೆ ಊರಿಡೀ ಬೊಬ್ಬೆ ಹೊಡೆದೆ" ಎಂದಳು.

"ಇರ್ಬಹುದು. ಇಲ್ಲದೇ ಇರ್ಬಹುದು" ಎಂದಳು ಸೋನಾಲಿ. "ಫಿರ್ ಸೆ ನೋಡೋಣ. ಕೈ ಚೆನ್ನಾಗಿ ತೊಳೆದು, ಚಮಚದಲ್ಲಿ. ಬೇರೆ ಬೇರೆ ಮನೆ ನೀರು. ಯಾವಾಗಲೂ ಎರಡು ಲೋಟ ಆಂಟಿ, ಒಂದೇ ಲೋಟ ನೋಡಿ ಏನೂ ಹೇಳಬಾರದು."

ಹಿಂದಿರುಗುವಾಗ ಅವಳು ಭುಜಂಗರಾಯರ ಬಾಗಿಲು ತಟ್ಟಿ, ತನ್ನದು ತಪ್ಪಾಗಿರಬಹುದು, ಕೈಯಲ್ಲಿ ಸುಣ್ಣವಿತ್ತು ಎಂದಳು. ಮರಾಠಿ ರೂಢಿಯಂತೆ ಅವಳನ್ನು ಅತ್ತಿಗೆಯೆಂದು ಕರೆಯುವ ರಾಯರು ನಕ್ಕರು. "ಅಹೋ ವಹಿನಿ, ಸುಣ್ಣ ಇರ್ಲಿ, ಬಣ್ಣ ಇರ್ಲಿ. ಫ್ಯಾಕ್ಟರಿಯವರು ಒಳ್ಳೆಯವರೇನ್ರೀ? ಬ್ಯಾನರ್ ಬಂದಾಗಿದೆ. ನಾಳೆ ನೀವು ಮುಂದೆ ನಿಲ್ಲಬೇಕು, ನೀವೇ ಕಂಡುಹಿಡಿದದ್ದು!"

ಇದೇ ಕಷ್ಟ. ಡಬ್ಬಿ ಮಾಡಿಕೊಡುವ ಹೆಂಗಸಿನ ಮಾತನ್ನು ಈ ಕಟ್ಟಡದಲ್ಲಿ ಯಾರೂ ಕೇಳಿದವರಲ್ಲ. ಕೇಳಿದ ಒಂದೇ ಒಂದು ಮಾತು ಹೀಗಾಯಿತು.

ಅವಳು ಕೈಗೆ ಮೂರು ಸಲ ಸಾಬೂನು ಹಚ್ಚಿ, ಮೂರು ಸಲ ತೊಳೆದಳು. ಕ್ಯಾನಿನ ನೀರಿನಿಂದ ಮತ್ತೊಮ್ಮೆ. ಹೊಸ ಪೊಟ್ಟಣ ಅರಿಶಿನ ಒಡೆದಳು. ಎ ವಿಂಗಿನ ಮೂರು ಮನೆ, ಬಿ ವಿಂಗಿನ ಮೂರು ಮನೆ ಸುತ್ತಿ ನೀರು ತಂದಳು. "ಏನು, ಪರೀಕ್ಷೆಯಾ ಆಂಟಿ?" ಎಂದು ಕೆಲವರು ತಮಾಷೆ ಮಾಡಿದರು. ಸುದರ್ಶನನ ಹೆಂಡತಿ ಬಾಗಿಲನ್ನು ಅರ್ಧವೇ ತೆರೆದಳು. ನೀರು ಕೊಟ್ಟು ಕೂಡಲೇ ಬಾಗಿಲು ಹಾಕಿಕೊಂಡಳು.

ಅಡುಗೆಕಟ್ಟೆಯ ಮೇಲೆ ಆರು ಲೋಟ. ಚಮಚದ ತುದಿಯಲ್ಲಿ ಅಳೆದು ಅಳೆದು ಅರಿಶಿನ. ಬಿ ವಿಂಗಿನ ಮೂರೂ ಹಳದಿ. ಎ ವಿಂಗಿನ ಮೂರೂ ಕೆಂಪು.

ಅವಳಿಗೆ ಹೆದರಿಕೆಗಿಂತ ಮೊದಲು ಬಂದದ್ದು ಕುತೂಹಲ. ಕಾರ್ಖಾನೆಯ ವಿಷ ಪೈಪಿನಲ್ಲಿ ಬಂದರೆ ಎರಡು ವಿಂಗಿಗೂ ಬರಬೇಕು. ಹೊರಗಿನ ಪೈಪು ಒಂದೇ. ಬೇರೆಯಾಗುವುದು ಎಲ್ಲಿ? ನೆಲದಡಿಯ ಟಾಂಕಿಯಲ್ಲಿ. ಎ ವಿಂಗಿನ ಟಾಂಕಿಗೆ ಹಿಂದಿನ ವಾರ ಒಳಗಿನಿಂದ ಹೊಸ ಸಿಮೆಂಟು ಬಳಿದಿದ್ದರು. ಅವಳು ಗೈಡು ತೆರೆದಳು. ಬೆರಳಿಟ್ಟು ಓದಿದಳು. ಇನ್ನೊಮ್ಮೆ ಓದಿದಳು.

ಅಷ್ಟರಲ್ಲಿ ವಾಸಣ್ಣ ಚಹಾಕ್ಕೆಂದು ಒಳಗೆ ಬಂದರು.

"ಸಿಮೆಂಟಲ್ಲಿ ಸುಣ್ಣ ಉಂಟಲ್ವಾ?" ಎಂದು ಅವಳು ಕೇಳಿದಳು. ನಿಜಕ್ಕೂ ತಿಳಿದುಕೊಳ್ಳಲೆಂದೇ ಕೇಳಿದ್ದು. ಕೇಳಿದ ಮೇಲೆ ಗಂಡನ ಮುಖ ನೋಡಿ, ಸೊಸೈಟಿಯ ಕಮಿಟಿಯ ಪರವಾಗಿ ಟಾಂಕಿಯ ಕೆಲಸದ ಉಸ್ತುವಾರಿಗೆ ನಿಂತವರು ಯಾರೆಂಬುದು ನೆನಪಾಯಿತು.

ವಾಸಣ್ಣ ಆರು ಲೋಟಗಳನ್ನೂ ಒಂದೊಂದಾಗಿ ನೋಡಿದರು. ಆಮೇಲೆ ಸ್ಟೂಲಿನ ಮೇಲೆ ಕುಳಿತರು.

"ಕಂಟ್ರಾಕ್ಟರ್ ಹೇಳಿದ್ದ. ಒಂದು ವಾರ ಟಾಂಕಿಯಲ್ಲಿ ನೀರು ನಿಲ್ಲಿಸಿಟ್ಟು, ಅದನ್ನು ಚೆಲ್ಲಿ, ಎರಡು ಸಲ ತೊಳೆದು ಮತ್ತೆ ತುಂಬಿಸಿ ಅಂತ. ಮೂರನೇ ದಿನ, ತೊಳೆಯದೆಯೇ, ನಾನೇ ವಾಲ್ವ್ ತಿರುಗಿಸಿ ನೀರು ಬಿಟ್ಟೆ."

"ಯಾಕೆ?"

"ಚಂದ್ರಬಾಯಿ ಬಕೆಟ್ ಹಿಡ್ಕೊಂಡು ಮೆಟ್ಟಿಲಲ್ಲಿ ಕೂತಿದ್ರು. ಮೊಣಕಾಲು ಹಿಡ್ಕೊಂಡು. ಸುದರ್ಶನ ಡ್ಯೂಟಿಗೆ ಹೋಗಿದ್ದ. ನೋಡ್ಲಿಕ್ಕಾಗ್ಲಿಲ್ಲ." ಕೆಂಪು ಲೋಟವೊಂದನ್ನು ಹಿಂದಕ್ಕೆ ಸರಿಸಿ ಹೇಳಿದರು, "ನೀನು ಮೀಟಿಂಗಲ್ಲಿ ಬಾಯಿ ಬಿಡ್ಬೇಡ. ಕ್ಲೀನಿಂಗ್ ಅಂತ ಹೇಳಿ ನಾನು ಮೆಲ್ಲ ಖಾಲಿ ಮಾಡಿಸ್ತೇನೆ. ನೀರು ಸರಿಯಾದ್ರೆ ಆಯ್ತಲ್ಲ?"

"ಸುದರ್ಶನ?"

"ನಾಲ್ಕು ದಿನ ಕಷ್ಟ. ಮತ್ತೆ ಜನ ಮರೀತಾರೆ. ನನ್ನದು ಮರೀತಾರಾ? ಇಪ್ಪತ್ತು ವರ್ಷದಿಂದ ಇಲ್ಲಿ 'ವಾಸಣ್ಣ ಇದ್ದಾರಲ್ಲ, ಚಿಂತೆ ಇಲ್ಲ' ಅಂತ ಹೇಳ್ತಾರೆ. ನನ್ನ ಹತ್ರ ಇರೋದು ಅದೊಂದೇ ಜಯಾ."

ಅವಳು ಆರು ಲೋಟಗಳನ್ನು ತೊಳೆದು ಬೋರಲು ಹಾಕಿದಳು. ಗಂಡನಿಗೆ ಚಹಾ ಮಾಡಿದಳು, ಕ್ಯಾನಿನ ನೀರಿನಲ್ಲಿ.

ಭಾನುವಾರ ಕೆಳಗಿನ ಪಾರ್ಕಿಂಗಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. ಸೊಸೈಟಿಯ ಮೀಟಿಂಗು ನಡೆಯುವುದು ಮರಾಠಿಯಲ್ಲಿ, ಸಿಟ್ಟು ಬಂದಾಗ ಮಾತ್ರ ಅವರವರ ಭಾಷೆಯಲ್ಲಿ. ಬ್ಯಾನರು ಸುತ್ತಿಟ್ಟು ಕಂಬಕ್ಕೆ ಒರಗಿಸಿತ್ತು. ಸುದರ್ಶನ ಹಿಂದಿನ ಸಾಲಿನಲ್ಲಿ ಒಬ್ಬನೇ ಕುಳಿತಿದ್ದ, ಅವನ ಎರಡೂ ಬದಿಯ ಕುರ್ಚಿ ಖಾಲಿ. ಕಮಿಟಿಯವರ ಸಾಲಿನಲ್ಲಿ ವಾಸಣ್ಣ, ಇಸ್ತ್ರಿ ಮಾಡಿದ ಅಂಗಿಯಲ್ಲಿ.

"ಈಗ ನಮ್ಮ ಜಯಲತಾ ವಹಿನಿ ನೀರಿನಲ್ಲಿ ಕಂಡದ್ದನ್ನು ಹೇಳ್ತಾರೆ" ಎಂದರು ಭುಜಂಗರಾಯರು.

ಅವಳು ಚೀಲದಿಂದ ಎರಡು ಗಾಜಿನ ಲೋಟ ತೆಗೆದಳು. ಅಂಗೈ ಎರಡನ್ನೂ ಎತ್ತಿ ಎಲ್ಲರಿಗೂ ತೋರಿಸಿದಳು. "ಮೊದಲು ನನ್ನ ಕೈ ನೋಡಿ. ಒಮ್ಮೆ ಸುಣ್ಣದ ಕೈಯಲ್ಲಿ ಪರೀಕ್ಷೆ ಮಾಡಿ ಮಾನ ಕಳ್ಕೊಂಡಿದ್ದೇನೆ." ಜನ ನಕ್ಕರು. ನಗು ಅವಳ ಬೆನ್ನಿಗೆ ಸ್ವಲ್ಪ ಆಸರೆಯಾಯಿತು. ಒಂದು ಲೋಟಕ್ಕೆ ಬಿ ವಿಂಗಿನ ನೀರು, ಒಂದಕ್ಕೆ ಎ ವಿಂಗಿನದು. ಎರಡಕ್ಕೂ ಚಮಚದಲ್ಲಿ ಅರಿಶಿನ.

ಒಂದು ಹಳದಿಯಾಗಿ ಉಳಿಯಿತು. ಇನ್ನೊಂದು ಕೆಂಪಾಯಿತು. ಮುಂದಿನ ಸಾಲಿನವರು ಎದ್ದು ಬಗ್ಗಿ ನೋಡಿದರು.

"ಹೊರಗಿನ ಪೈಪು ಎರಡಕ್ಕೂ ಒಂದೇ. ಟಾಂಕಿ ಬೇರೆ. ಇದು ಫ್ಯಾಕ್ಟರಿಯದ್ದಲ್ಲ. ನಮ್ಮ ಟಾಂಕಿಯ ಹೊಸ ಸಿಮೆಂಟಿನದ್ದು. ತೊಳೆಯುವ ಮೊದಲೇ ನೀರು ತುಂಬಿಸಿದ್ದಾಗಿದೆ." ಅವಳು ಹಿಂದಿನ ಸಾಲಿನತ್ತ ತಿರುಗಿದಳು. "ಫ್ಯಾಕ್ಟರಿ ಅಂತ ಮೊದಲು ಹೇಳಿದವಳು ನಾನು. ನೋಡದೆ ಹೇಳಿದೆ. ಸುದರ್ಶನ, ತಪ್ಪಾಯ್ತಪ್ಪ. ಗಾಳಿಯ ವಾಸನೆಯ ಮಾತು ಬೇರೆ, ಅದನ್ನೂ ಕೇಳುವ. ಆದ್ರೆ ಕಂಡದ್ದನ್ನು ಮಾತ್ರ ಹಿಡ್ಕೊಂಡು ಕೇಳುವ."

"ತುಂಬಿಸಿದ್ದು ಯಾರು?" ಹಿಂದಿನಿಂದ ಯಾರೋ ಕೂಗಿದರು. ಗೊತ್ತಿದ್ದವರೆಲ್ಲ ಕಮಿಟಿಯ ಸಾಲಿನತ್ತ ನೋಡಿದರು. ಜಯಲತಾ ಕೈಯಲ್ಲಿದ್ದ ಚಮಚವನ್ನೇ ನೋಡುತ್ತಿದ್ದಳು.

ವಾಸಣ್ಣ ನಿಧಾನವಾಗಿ ಎದ್ದರು. "ನಾನು" ಎಂದು ಹೇಳಿ ಕುಳಿತರು.

ಗದ್ದಲ ಏಳುವ ಮೊದಲೇ ಚಂದ್ರಬಾಯಿ ಮೊಣಕಾಲಿಗೆ ಕೈಕೊಟ್ಟು ಎದ್ದರು. "ಯಾಕ್ ತುಂಬಿಸಿದ್ರು ಅದನ್ನೂ ಕೇಳ್ರಿ! ನನ್ನ ಈ ಮೊಣಕಾಲ ನೋಡಿ ತುಂಬಿಸಿದ್ರು. ಬೈಯೂದಿದ್ರ ಈ ಮೊಣಕಾಲಿಗೆ ಬೈರಿ, ನಿಮ್ಮ ಬೈಗುಳಕ್ಕರ ಸೆಟಗೊಂಡ ಕಾಲ ನೆಟ್ಟಗಾದೀತು!" ಸಿಟ್ಟು ಬಂದವರಿಗೂ ನಗು ತಡೆಯಲಾಗಲಿಲ್ಲ. ಸುದರ್ಶನ ಎದ್ದು ಮುಂದಿನ ಸಾಲಿಗೆ ಬಂದು, ಕೆಂಪು ಲೋಟವನ್ನು ಬೆಳಕಿಗೆ ಹಿಡಿದು ನೋಡಿ, "ಪಂಪಿನ ಪೈಪು ನಾನು ತರ್ತೇನೆ. ಇವತ್ತೇ ಖಾಲಿ ಮಾಡುವ" ಎಂದ. ಬ್ಯಾನರು ಕಂಬಕ್ಕೆ ಒರಗಿಯೇ ಉಳಿಯಿತು.

"ಇನ್ನು ಮುಂದೆ ನೀರಿನ ಜವಾಬ್ದಾರಿ ಯಾರದ್ದು?" ಎಂದು ಭುಜಂಗರಾಯರು ಸೋತ ದನಿಯಲ್ಲಿ ಕೇಳಿದಾಗ ಚಂದ್ರಬಾಯಿ, "ಮತ್ಯಾರು? ಎರಡ ಲೋಟ ಹಿಡಕೊಂಡ ನಿಂತಾಳಲ್ಲ, ಈಕೀನ" ಎಂದರು. ಬೇಡವೆನ್ನಲು ಬಾಯಿ ತೆರೆದ ಜಯಲತಾ, ಒಪ್ಪಿಗೆಯೆಂದು ಜನ ಎತ್ತಿದ ಕೈಗಳನ್ನು ಕಂಡು ತಲೆಯಾಡಿಸಿದಳು.

ಆ ದಿನದಿಂದ ವಾಸಣ್ಣ ಬೇಕಾದಷ್ಟೇ ಮಾತಾಡಿದರು. ಉಪ್ಪು, ಬಾಗಿಲು, ಚಾವಿ. ಟಾಂಕಿಯನ್ನು ಮಾತ್ರ ಎರಡಲ್ಲ, ಮೂರು ಸಲ ನಿಂತು ತೊಳೆಸಿದರು. ಎಂಟನೆಯ ದಿನ ಜಯಲತಾಳ ಲೋಟ ಹಳದಿಯಾಗಿಯೇ ಉಳಿಯಿತು. ಅವಳು ಅದನ್ನು ನೋಟೀಸು ಬೋರ್ಡಿನ ಮೇಲೆ ಬರೆದು ಹಾಕಿದಳು, ತಾರೀಕು ಸಮೇತ. ಗಂಡ ಅದನ್ನು ಓದಿದರೋ ಇಲ್ಲವೋ ತಿಳಿಯಲಿಲ್ಲ. ಪಕ್ಕದ ಎರಡು ಕಟ್ಟಡಗಳ ಹೆಂಗಸರು ಬಾಟಲಿ ಹಿಡಿದು ಬರತೊಡಗಿದ್ದರು. ಮಕ್ಕಳು ಅವಳಿಗೆ ಹಳದಿವಾಲಿ ಆಂಟಿ ಎಂದು ಹೆಸರಿಟ್ಟರು. ಅವಳು ಅವರ ಕೈಯಲ್ಲೇ ಚಮಚ ಕೊಟ್ಟು, "ಮೊದಲು ಕೈ ತೊಳ್ಕೊಳ್ಳಿ" ಎನ್ನುತ್ತಿದ್ದಳು. ಅಷ್ಟೆಲ್ಲ ಇದ್ದರೂ, ಟಿವಿಯ ಸದ್ದು ಸಣ್ಣಗಾಗದ ಮನೆಯಲ್ಲಿ ಗಟ್ಟಿಯಾಗಿ ಓದುವುದು ಕಷ್ಟವೆನಿಸಿತು.

ವಿಜ್ಞಾನದ ಪರೀಕ್ಷೆ ಸೀವುಡ್ಸ್‌ನ ಒಂದು ಶಾಲೆಯಲ್ಲಿ, ಮಧ್ಯಾಹ್ನ ಎರಡೂವರೆಗೆ. ಹದಿನೆಂಟು ವರ್ಷಗಳಲ್ಲಿ ಮೊದಲ ಬಾರಿ ಹತ್ತು ಮನೆಗಳಿಗೆ ಡಬ್ಬಿ ಇಲ್ಲವೆಂದು ತಿಳಿಸಿದ್ದಳು. ಠಾಣೆಯಲ್ಲಿ ಗಾಡಿ ಬದಲಿಸಬೇಕು, ದಾರಿ ತಪ್ಪಿದರೆ ಎಂಬ ಹೆದರಿಕೆಗೆ ಹತ್ತು ಗಂಟೆಗೇ ಹೊರಟಳು. ಪೆನ್ನು ನಾಲ್ಕು, ಹಾಲ್ ಟಿಕೆಟು, ನೀರಿನ ಬಾಟಲಿ. ಊಟದ ಯೋಚನೆ ಮಾಡಿರಲಿಲ್ಲ. ದಾರಿಯಲ್ಲಿ ವಡಾಪಾವು ತಿಂದರಾಯಿತು. ವಾಸಣ್ಣ ಬಚ್ಚಲಲ್ಲಿದ್ದರೋ ಕೆಳಗೆ ಹೋಗಿದ್ದರೋ, ಕಾಣಿಸಲಿಲ್ಲ. ಹೋಗಿ ಬರುತ್ತೇನೆ ಎಂದು ಅವಳು ಖಾಲಿ ಹಾಲಿಗೇ ಹೇಳಿದಳು.

ಡೊಂಬಿವಲಿ ಸ್ಟೇಷನ್ನಿನ ಸೇತುವೆಯ ಮೆಟ್ಟಿಲು ಹತ್ತುವಾಗ ಹಿಂದಿನಿಂದ ಯಾರೋ ಏದುಸಿರು ಬಿಡುವುದು ಕೇಳಿತು. ತಿರುಗಿದಳು. ವಾಸಣ್ಣ. ಮುಖವೆಲ್ಲ ಬೆವರು, ಅಂಗಿಯ ತೋಳಿಗೆ ಒಂದು ಎಣ್ಣೆಯ ಕಲೆ. ಜನ ಇಬ್ಬದಿಯಿಂದ ತಳ್ಳಿಕೊಂಡು ಹೋಗುತ್ತಿದ್ದರು. ಅವರು ಗೋಡೆಯ ಬದಿಗೆ ಅವಳನ್ನು ಸರಿಸಿ, ಪಂಚೆಯ ತುಂಡಿನಲ್ಲಿ ಸುತ್ತಿದ ಸ್ಟೀಲಿನ ಡಬ್ಬಿಯನ್ನು ಅವಳ ಕೈಗಿಟ್ಟರು. ಡಬ್ಬಿ ಇನ್ನೂ ಬಿಸಿಯಿತ್ತು. ಅದನ್ನು ಹಿಡಿದಿದ್ದ ತೋರುಬೆರಳಿನ ತುದಿಯಲ್ಲಿ ಸುಣ್ಣದ ಬಿಳಿ ಇರಲಿಲ್ಲ. ತಿಕ್ಕಿ ತಿಕ್ಕಿ ತೊಳೆದ ಬೆರಳು.

"ಚಿತ್ರಾನ್ನ" ಎಂದರು. "ಚಂದ್ರಬಾಯಿ ಮನೆ ಒಲೆಯಲ್ಲಿ ಮಾಡಿದ್ದು, ನಮ್ಮ ಟಾಂಕಿ ನೀರಲ್ಲಿ. ನಿಂಬೆ ಹಿಂಡಲಿಲ್ಲ. ಬಣ್ಣ ನೀನೇ ನೋಡು."

ಅವಳು ಮುಚ್ಚಳವನ್ನು ಒಂದಿಷ್ಟೇ ಎತ್ತಿದಳು. ಒಗ್ಗರಣೆಯ ಸಾಸಿವೆಯ ಘಮ. ಅನ್ನ ಅಚ್ಚ ಹಳದಿ.